ರಾಜಹಂಸಗಡದ ಕರಿಗಲ್ಲು

ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ನಾನು ಮತ್ತು ನನ್ನ ಅಣ್ಣನ ಮಗ ವಿಜಯಪುರದಿಂದ ಬೆಳಗಾವಿಗೆ ಬಂದಿಳಿದು, ಅಲ್ಲಿಂದ ಸುಮಾರು 15 ಕಿಲೋಮೀಟರ್ ದೂರದ ರಾಜಹಂಸಗಡಕ್ಕೆ ಹೊರಟೆವು. ಯಳ್ಳೂರಿನ ಗದ್ದೆಗಳಲ್ಲಿ ಭತ್ತ ತೆನೆ ಬಾಗಿ ನಿಂತಿತ್ತು. ನಮಗೆ ನೋಡಬೇಕಾಗಿದ್ದುದು ಕೋಟೆಗಿಂತ ಹೆಚ್ಚಾಗಿ ಕೋಟೆಯನ್ನು ಹೊತ್ತ ಗುಡ್ಡವನ್ನು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಒಂದರ ಮೇಲೊಂದು ಪದರವಾಗಿ ಹರಡಿ, ಆರಿ, ದಖನ್ನಿನ ಕಲ್ಲಾಯಿತು; ಸವೆದು ಉಳಿದಿರುವುದೇ ಇಂದು ಸುಮಾರು 5 ಲಕ್ಷ ಚದರ ಕಿಲೋಮೀಟರ್‌ನಷ್ಟಿದೆ. ಗಟ್ಟಿ ಪದರ ನಿಂತು ಮೆದು ಪದರ ಸವೆದದ್ದರಿಂದ ಈ ಸೀಮೆಯ ಗುಡ್ಡಗಳ ನೆತ್ತಿ ಚಪ್ಪಟೆ, ಪಕ್ಕೆ ಮೆಟ್ಟಿಲು ಮೆಟ್ಟಿಲು. ಭೂವಿಜ್ಞಾನಿಗಳು ಇದಕ್ಕೆ ‘ಟ್ರ್ಯಾಪ್’ ಎಂದು ಹೆಸರಿಟ್ಟದ್ದೂ ಮೆಟ್ಟಿಲೆಂಬ ಅರ್ಥದ ಸ್ವೀಡಿಷ್ ಪದದಿಂದಲೇ.

ಏರುದಾರಿಯ ಪಕ್ಕದಲ್ಲಿ ಒಂದು ಬಂಡೆ ಉಳ್ಳಾಗಡ್ಡಿಯಂತೆ ಸಿಪ್ಪೆ ಸಿಪ್ಪೆಯಾಗಿ ಬಿಡುತ್ತಿತ್ತು. ಹೊರಗಿನ ಸಿಪ್ಪೆ ಬೆರಳಿಗೇ ಪುಡಿಯಾಯಿತು. ಒಳಗಿನ ತಿರುಳು ಮಾತ್ರ ಕಡುಗಪ್ಪು, ತಣ್ಣಗೆ, ಗಟ್ಟಿ. ಅದರ ತುಂಬ ಜೋಳದ ಕಾಳಿನಷ್ಟಗಲದ ತೂತುಗಳು: ಲಾವಾ ಆರುವಾಗ ಒಳಗೆ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳ ಗುರುತು. ಕೆಲವು ತೂತುಗಳಲ್ಲಿ ಬಿಳಿಯ ಖನಿಜ ತುಂಬಿಕೊಂಡು ಬಿಸಿಲಿಗೆ ಮಿನುಗುತ್ತಿತ್ತು. ಹುಡುಗ ಬಹಳ ಹೊತ್ತು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತಿದ್ದು, “ಕಾಕಾ, ನಮ್ಮ ಬಾವ್ಯಾಗಿನ ಕಲ್ಲೂ ಇದ ಅಲ್ರೀ?” ಎಂದು ಕೇಳಿದ.

ಹೌದು, ಅದೇ ಕಲ್ಲು. 1656ರ ಹೊತ್ತಿಗೆ ಮುಗಿದ ನಮ್ಮ ಗೋಳಗುಮ್ಮಟವೂ ಈ ಜಾತಿಯ ಕಲ್ಲಿನದೇ. ಘಟ್ಟದ ಮಗ್ಗುಲಿನ ಜೋರು ಮಳೆ ಈ ಕಲ್ಲಿನ ಸಾರವನ್ನೆಲ್ಲ ತೊಳೆದೊಯ್ದು ಕಬ್ಬಿಣದ ಅಂಶವನ್ನು ಉಳಿಸಿದಲ್ಲಿ ಅದು ಕೆಂಪು ಜಂಬಿಟ್ಟಿಗೆಯಾಗುತ್ತದೆ. ಮಳೆ ಕಡಿಮೆಯಾದ ನಮ್ಮ ಕಡೆ ಸಾರ ಉಳಿದು, ಡೋಣಿ ಹೊಳೆಯ ದಂಡೆಯ ಬಿಳಿಜೋಳಕ್ಕೆ ತೇವ ಹಿಡಿದಿಡುವ ಎರೆಮಣ್ಣಾಗುತ್ತದೆ. ಶಾಲೆಯಲ್ಲಿ ಇವೆರಡನ್ನೂ ನಾನು ಬೇರೆ ಬೇರೆ ಪಾಠವಾಗಿ ಓದಿದ್ದೆ. ಒಂದೇ ಕಲ್ಲಿನ ಮಕ್ಕಳೆಂದು ಯಾರೂ ತೋರಿಸಿರಲಿಲ್ಲ ಎಂಬ ಬೇಸರ ನನಗೆ ಇಂದಿಗೂ ಇದೆ.

ಮೇಲೆ ಸಿದ್ಧೇಶ್ವರನಿಗೆ ಕೈಮುಗಿದು ಕೋಟೆಯ ಅಂಚಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಅಲ್ಲಿನ ಕೆಲವು ಬಂಡೆಗಳ ಮೇಲೆ ಬಣ್ಣದಲ್ಲಿ ಹೆಸರು ಬರೆದದ್ದನ್ನು ಕಂಡು ಮನಸ್ಸಿಗೆ ನೋವಾಯಿತು. ಅಷ್ಟು ಹಳೆಯ ಕಲ್ಲಿಗೆ ನಮ್ಮ ಹೆಸರು ಬೇಕಿಲ್ಲ. ಇಳಿಯುವಾಗ ಹುಡುಗ ಖಾಲಿ ಬುತ್ತಿ ಡಬ್ಬಿಗೆ ದಾರಿಬದಿಯ ಒಂದು ಹಿಡಿ ಕೆಂಪು ಮಣ್ಣು ತುಂಬಿಕೊಂಡ. ಮನೆಯ ಕಟ್ಟೆಯ ಮೇಲೆ ನಮ್ಮ ಹೊಲದ ಕರಿಮಣ್ಣಿನ ಪಕ್ಕದಲ್ಲಿ ಅದೀಗ ಇದೆ.