ಹನ್ನೊಂದು ಕವಡೆ, ಒಂದು ಕಿಲೋಮೀಟರ್

ತುಮಕೂರಿನಲ್ಲಿ ನಾನು ಹೋಗುವ ಈಜುಕೊಳದಲ್ಲಿ ಬೆಳಿಗ್ಗೆ ಹೆಂಗಸರ ಬ್ಯಾಚ್ ಮುಗಿಯುವ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. "ಎಷ್ಟು ರೌಂಡ್ ಆಯ್ತು ಅಕ್ಕ?" ಒಬ್ಬರು ಇಪ್ಪತ್ತು ಅಂತಾರೆ, ಇನ್ನೊಬ್ಬರು ನಲವತ್ತು ಅಂತಾರೆ. ಸ್ವಲ್ಪ ಬಿಡಿಸಿ ಕೇಳಿದರೆ ಇಬ್ಬರೂ ಈಜಿದ್ದು ಅಷ್ಟೇ ದೂರ. ಒಬ್ಬರಿಗೆ ರೌಂಡ್ ಅಂದರೆ ಹೋಗಿ ಬರುವುದು. ಇನ್ನೊಬ್ಬರಿಗೆ ಆ ಕಡೆ ಗೋಡೆ ಮುಟ್ಟಿದರೆ ಸಾಕು, ಒಂದು ರೌಂಡ್ ಮುಗಿಯಿತು. ಲ್ಯಾಪ್ ಅನ್ನುವ ಪದಕ್ಕೂ ಇದೇ ಗೊಂದಲ. ಅದಕ್ಕೇ ನಾನು ಈಗ ಲೆಂಗ್ತ್ ಅಂತಲೇ ಹೇಳುತ್ತೇನೆ. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ, ಅಷ್ಟೇ.

ನಾನು ಈಜು ಕಲಿತದ್ದು ಗುಬ್ಬಿ ತಾಲ್ಲೂಕಿನ ನಮ್ಮ ತೋಟದ ಬಾವಿಯಲ್ಲಿ. ಸೋದರಮಾವ ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿ ನೀರಿಗೆ ಬಿಟ್ಟಿದ್ದರು. ಅಲ್ಲಿ ದೂರದ ಮಾತೇ ಇರಲಿಲ್ಲ. ಬಾವಿಯ ಒಳಗೋಡೆ ಪಕ್ಕದಲ್ಲೇ ಸುತ್ತು ಹಾಕುವುದು, ಸುಸ್ತಾದರೆ ಮೆಟ್ಟಿಲು ಹಿಡಿದುಕೊಳ್ಳುವುದು. ಬಾವಿ ಬತ್ತಿ ಎಷ್ಟೋ ವರ್ಷ ಆಯಿತು. ಮೂರು ವರ್ಷದ ಹಿಂದೆ ಮಂಡಿ ನೋವು ಶುರುವಾಗಿ, ಡಾಕ್ಟರ್ ವಾಕಿಂಗ್ ಕಡಿಮೆ ಮಾಡಿ ಈಜಿ ಅಂದಾಗ ಮತ್ತೆ ನೀರಿಗೆ ಇಳಿದೆ. ವಾಕಿಂಗ್ ಮಾಡುವಾಗ ಎಷ್ಟು ದೂರ ಅನ್ನುವುದು ಫೋನೇ ಹೇಳುತ್ತಿತ್ತು. ನೀರಲ್ಲಿ ಅದನ್ನು ನಾನೇ ಎಣಿಸಬೇಕು. ವಾರದಿಂದ ವಾರಕ್ಕೆ ಜಾಸ್ತಿ ಮಾಡುತ್ತಿದ್ದೇನಾ, ಇದ್ದಲ್ಲೇ ಇದ್ದೇನಾ ಅಂತ ನನಗೆ ಗೊತ್ತಾಗಬೇಕಿತ್ತು.

ಮೊದಲು ಕೊಳದ ಉದ್ದದ ವಿಷಯ ಹೇಳುತ್ತೇನೆ, ಯಾಕೆಂದರೆ ಉಳಿದ ಲೆಕ್ಕವೆಲ್ಲ ನಿಂತಿರುವುದು ಇದರ ಮೇಲೆ. ಸೇರಿದ ದಿನ ನನಗೆ 25 ಮೀಟರ್ ಅಂತ ಹೇಳಿದ್ದರು. 40 ಲೆಂಗ್ತ್ ಹೊಡೆದರೆ ಒಂದು ಕಿಲೋಮೀಟರ್. ಒಂದೂವರೆ ವರ್ಷ ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಮೇಲೊಮ್ಮೆ ಬೆಂಗಳೂರಿನಲ್ಲಿ ಮಗಳ ಜೊತೆ 50 ಮೀಟರ್ ಕೊಳಕ್ಕೆ ಹೋದೆ. ಇಲ್ಲಿ 27 ನಿಮಿಷಕ್ಕೆ ಮುಗಿಯುವ ಕಿಲೋಮೀಟರಿಗೆ ಅಲ್ಲಿ 31 ನಿಮಿಷ ಹಿಡಿಯಿತು. ಉದ್ದ ಕೊಳದಲ್ಲಿ ನಿಧಾನ ಆಗುವುದು ಸಹಜ, ಗೋಡೆ ತಳ್ಳಿ ಮುಂದೆ ಜಾರುವ ಅವಕಾಶ ಅರ್ಧಕ್ಕರ್ಧ ಕಡಿಮೆ, ಅದರಿಂದಲೇ 25 ಮೀಟರ್ ಕೊಳದ ವಿಶ್ವದಾಖಲೆಗಳನ್ನು ಬೇರೆಯಾಗಿ ಇಟ್ಟಿರುತ್ತಾರೆ. ಆದರೂ ನಾಲ್ಕು ನಿಮಿಷ ಜಾಸ್ತಿಯಾಯಿತು ಅನ್ನಿಸಿತು. ವಾಪಸ್ ಬಂದ ಮೇಲೆ, ಮನೆ ಕಟ್ಟುವಾಗ ತಂದಿದ್ದ 30 ಮೀಟರ್ ಟೇಪ್ ಹಿಡಿದುಕೊಂಡು ಹೋದೆ. ಕೋಚ್ ಒಂದು ತುದಿ ಹಿಡಿದರು, ನಾನು ಒಂದು ತುದಿ. ಸರಿಯಾಗಿ 75 ಅಡಿ.

75 ಅಡಿ ಅಂದರೆ 22.86 ಮೀಟರ್. ಒಂದು ಲೆಂಗ್ತಿಗೆ ಎರಡು ಮೀಟರಿಗಿಂತ ಜಾಸ್ತಿ ಕಡಿಮೆ. 40 ಲೆಂಗ್ತಿಗೆ 914 ಮೀಟರ್ ಚಿಲ್ಲರೆ. ನಾನು ಕಿಲೋಮೀಟರ್ ಅಂತ ಬರೆದುಕೊಂಡ ಪ್ರತಿ ದಿನವೂ ಸುಮಾರು 86 ಮೀಟರ್ ಬಾಕಿ ಇತ್ತು! ನನಗೆ ಅವತ್ತು ನಿಜಕ್ಕೂ ಬೇಜಾರಾಯಿತು. ಮೋಸ ಅಂತ ಅಲ್ಲ. ನಮ್ಮ ಕಡೆ ಮನೆ, ತೊಟ್ಟಿ, ಸಂಪು ಎಲ್ಲದರ ಅಳತೆಯೂ ಅಡಿ ಲೆಕ್ಕದಲ್ಲೇ ಇರುತ್ತದೆ, 75 ಅಡಿ ಬಾಯಿಂದ ಬಾಯಿಗೆ ದಾಟುತ್ತಾ 25 ಮೀಟರ್ ಆಗಿರಬಹುದು. ಆದರೆ ಬೆವರು ನನ್ನದು, ಲೆಕ್ಕ ಸರಿ ಇರಬೇಕು ಅಲ್ವಾ? ಆದ್ದರಿಂದ ನೀವು ಎಲ್ಲೇ ಈಜಿ, ಒಂದು ದಿನ ಟೇಪ್ ತೆಗೆದುಕೊಂಡು ಹೋಗಿ. ಎರಡು ನಿಮಿಷದ ಕೆಲಸ.

ಹೊಸ ಲೆಕ್ಕದಲ್ಲಿ ಕಿಲೋಮೀಟರಿಗೆ 44 ಲೆಂಗ್ತ್ ಬೇಕು. ಆಗ 1005 ಮೀಟರ್ ದಾಟುತ್ತದೆ. ಆದರೆ 44ರವರೆಗೆ ತಪ್ಪದೆ ಎಣಿಸುವುದು ಸುಲಭವಲ್ಲ. ಹನ್ನೆರಡೋ ಹದಿನಾಲ್ಕೋ ಅನ್ನುವ ಗೊಂದಲ ಶುರುವಾದರೆ ಮುಗಿಯಿತು. ತಿಂಡಿಗೆ ಏನು ಮಾಡಲಿ ಅಂತ ಒಂದು ಯೋಚನೆ ಬಂದರೂ ಸಾಕು, ಎಣಿಕೆ ಹೋಯಿತು.

ಆಗ ನೆನಪಾದದ್ದು ತಾತ ತೆಂಗಿನಕಾಯಿ ಎಣಿಸುತ್ತಿದ್ದ ರೀತಿ. ರಾಗಿ ಅಳೆಯುವಾಗ ಒಂದು ಅನ್ನದೆ "ಲಾಭ" ಅಂತ ಶುರು ಮಾಡುತ್ತಾರಲ್ಲ, ತಾತ ಕಾಯಿಗೂ ಹಾಗೇ ಶುರು ಮಾಡುತ್ತಿದ್ದರು. ಕೈಗೊಂದು ಕಾಯಿ ಎತ್ತಿ ರಾಶಿಗೆ ಎಸೆಯುತ್ತಾ ಹೋಗುವುದು, ನೂರು ತುಂಬಿದಾಗ ಒಂದು ಕಾಯಿ ಪಕ್ಕಕ್ಕೆ ಇಡುವುದು, ಮತ್ತೆ ಲಾಭದಿಂದ ಶುರು. ಕೊನೆಯಲ್ಲಿ ಪಕ್ಕದ ಕಾಯಿಗಳನ್ನು ಎಣಿಸಿದರೆ ಎಷ್ಟು ನೂರು ಅಂತ ಗೊತ್ತಾಗುತ್ತಿತ್ತು. ಸಾವಿರಾರು ಕಾಯಿ ಇದ್ದರೂ ತಲೆಯಲ್ಲಿ ದೊಡ್ಡ ಸಂಖ್ಯೆ ಹೊರುವ ಕಷ್ಟವೇ ಇಲ್ಲ, ಮಧ್ಯೆ ಯಾರಾದರೂ ಬಂದು ಮಾತಾಡಿಸಿದರೆ ಹಾಳಾಗುವುದು ಆ ಒಂದು ನೂರು ಮಾತ್ರ.

ನಾನು ಅದನ್ನೇ ಕೊಳಕ್ಕೆ ತಂದೆ. ಅಜ್ಜಿಯ ಚೌಕಾಬಾರದ ಕವಡೆ ಚೀಲ ಮನೆಯಲ್ಲಿತ್ತು. ಕವಡೆ ಒದ್ದೆಯಾದರೆ ಕೆಡುವುದಿಲ್ಲ, ಗಾಳಿಗೆ ಹಾರುವುದಿಲ್ಲ. ಹನ್ನೊಂದು ಕವಡೆಯನ್ನು ಕೊಳದ ಅಂಚಿನಲ್ಲಿ ಎಡಕ್ಕೆ ಸಾಲಾಗಿ ಇಡುತ್ತೇನೆ. ನಾಲ್ಕು ಲೆಂಗ್ತ್ ಆದಾಗ ಒಂದನ್ನು ಬಲಕ್ಕೆ ಸರಿಸುತ್ತೇನೆ. ಎಡಗಡೆ ಖಾಲಿಯಾದರೆ ನಾಲ್ಕು ಹನ್ನೊಂದ್ಲಿ ನಲವತ್ನಾಲ್ಕು, ಕಿಲೋಮೀಟರ್ ಆಯಿತು. ತಲೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ನಾಲ್ಕರವರೆಗೆ ಮಾತ್ರ. ಅದರಲ್ಲೂ ತಪ್ಪಿದರೆ ಹಿಡಿಯಲು ಒಂದು ದಾರಿ ಇದೆ. ಒಂದು, ಮೂರು ಯಾವಾಗಲೂ ಕವಡೆಯಿಂದ ದೂರ ಹೋಗುವ ಲೆಂಗ್ತ್. ಎರಡು, ನಾಲ್ಕು ಕವಡೆಯ ಕಡೆಗೆ ಬರುವ ಲೆಂಗ್ತ್. ನಾನು ಬಲಕ್ಕೆ ಉಸಿರು ತೆಗೆದುಕೊಳ್ಳುತ್ತೇನೆ, ಹೋಗುವಾಗ ಕಾಂಪೌಂಡಿನಾಚೆಯ ತೆಂಗಿನ ಮರ ಕಾಣುತ್ತದೆ, ಬರುವಾಗ ಬಟ್ಟೆ ಬದಲಿಸುವ ಕೋಣೆಯ ಗೋಡೆ. ಮರ ಕಾಣುತ್ತಿದೆ, ಮನಸ್ಸು ಎರಡು ಅನ್ನುತ್ತಿದೆ ಅಂದರೆ ಎಲ್ಲೋ ತಪ್ಪಿದೆ. ಇನ್ನೂ ಅನುಮಾನ ಇದ್ದರೆ ಗೋಡೆ ಗಡಿಯಾರ ನೋಡುವುದು. ನಾಲ್ಕು ಲೆಂಗ್ತಿಗೆ ನನಗೆ ಸುಮಾರು ಎರಡು ಮುಕ್ಕಾಲು ನಿಮಿಷ ಬೇಕು.

ಇಷ್ಟೆಲ್ಲ ಆಗುವಾಗ ಮಗಳು, "ಅಮ್ಮ, ವಾಚೇ ಎಣಿಸುತ್ತೆ, ಸುಮ್ನೆ ಈಜು" ಅಂತ ಹೇಳಿ ಒಂದು ಸ್ಮಾರ್ಟ್ ವಾಚ್ ತಂದುಕೊಟ್ಟಳು. ಒಳ್ಳೆಯದೇ, ದಿನಾ ಹಾಕಿಕೊಳ್ಳುತ್ತೇನೆ. ಆದರೆ ಅದು ಹೇಗೆ ಎಣಿಸುತ್ತದೆ ಅಂತ ತಿಳಿದುಕೊಂಡ ಮೇಲೆಯೇ ನಂಬಿಕೆ ಬಂದದ್ದು. ಜಿಪಿಎಸ್ ಸಿಗ್ನಲ್ ನೀರಿನೊಳಗೆ ಇಳಿಯುವುದಿಲ್ಲ, ಆದ್ದರಿಂದ ಕೊಳದಲ್ಲಿ ವಾಚ್ ದೂರವನ್ನು ಅಳೆಯುವುದೇ ಇಲ್ಲ. ಒಳಗಿನ ಸೆನ್ಸರ್‌ಗಳು ಕೈಯ ಚಲನೆಯನ್ನು ಗಮನಿಸುತ್ತವೆ. ಕೈ ಬೀಸುವುದು ನಿಂತು, ಮೈ ತಿರುಗಿ, ಗೋಡೆ ತಳ್ಳಿದ ಜೋರು ಸಿಕ್ಕಿದರೆ ಒಂದು ಲೆಂಗ್ತ್ ಮುಗಿಯಿತು ಅಂತ ತಿಳಿಯುತ್ತದೆ. ಆಮೇಲೆ ನಾವು ಹೇಳಿಕೊಟ್ಟ ಕೊಳದ ಉದ್ದದಿಂದ ಗುಣಿಸುತ್ತದೆ. ಉದ್ದ ತಪ್ಪಾಗಿ ಕೊಟ್ಟರೆ ಎಷ್ಟೇ ದುಬಾರಿ ವಾಚೂ ತಪ್ಪೇ ಹೇಳುತ್ತದೆ.

ಒಂದು ದಿನ ಕವಡೆ 44 ಅಂದಿತು, ವಾಚ್ 45 ಅಂದಿತು. ಮನೆಗೆ ಬಂದು ಫೋನಿನಲ್ಲಿ ಒಂದೊಂದೇ ಲೆಂಗ್ತ್ ತೆಗೆದು ನೋಡಿದೆ. ಎಲ್ಲವೂ 40, 41, 42 ಸೆಕೆಂಡ್. ಮಧ್ಯದಲ್ಲಿ ಒಂದು 13, ಅದರ ಮುಂದಿನದು 29. ಎರಡೂ ಸೇರಿದರೆ 42. ಒಂದು ಮಗು ಅಡ್ಡ ಬಂದಿತ್ತು, ನಾನು ಅರ್ಧ ದಾರಿಯಲ್ಲಿ ನಿಂತು ಮತ್ತೆ ಹೊರಟಿದ್ದೆ. ವಾಚ್ ಅದನ್ನೇ ಗೋಡೆ ಅಂದುಕೊಂಡಿದೆ. ಉಲ್ಟಾ ತಪ್ಪೂ ಆಗುತ್ತದೆ. ಸುಸ್ತಾಗಿ ಮೆತ್ತಗೆ ತಿರುಗಿದರೆ ಗೋಡೆ ಅದಕ್ಕೆ ಗೊತ್ತೇ ಆಗುವುದಿಲ್ಲ, ಆಗ ಒಂದೇ ಲೆಂಗ್ತಿಗೆ 82 ಸೆಕೆಂಡ್ ಬರುತ್ತದೆ, ಕೈ ಬೀಸಿದ ಲೆಕ್ಕವೂ ಎರಡರಷ್ಟು ಇರುತ್ತದೆ. ಇದನ್ನು ಒಂದು ಸಲ ನೋಡಿ ಕಲಿತರೆ ಯಾವ ತಪ್ಪನ್ನೂ ಹಿಡಿಯಬಹುದು. ಬೋರ್ಡ್ ಹಿಡಿದು ಬರೀ ಕಾಲು ಬಡಿಯುವ ದಿನ ಮಾತ್ರ ನನ್ನ ವಾಚಿನಿಂದ ಉಪಯೋಗವಿಲ್ಲ. ಕೈ ಆಡುವುದಿಲ್ಲವಲ್ಲ, ಅದರ ಪ್ರಕಾರ ನಾವು ನಿಂತೇ ಇದ್ದೇವೆ. ಆ ಲೆಂಗ್ತ್‌ಗಳನ್ನು ಕೈಯಲ್ಲೇ ಬರೆದುಕೊಳ್ಳಬೇಕು.

ಕೈಯ ಲೆಕ್ಕ ಅಂದೆನಲ್ಲ, ನನ್ನ ವಾಚ್ ಎಣಿಸುವುದು ತನ್ನನ್ನು ಕಟ್ಟಿದ ಕೈಯನ್ನು ಮಾತ್ರ. ಒಂದು ಲೆಂಗ್ತಿಗೆ 12 ಅಂತ ತೋರಿಸಿದರೆ ಎರಡೂ ಕೈ ಸೇರಿ 24. ಆ 12ಕ್ಕೆ ಹಿಡಿದ 41 ಸೆಕೆಂಡ್ ಕೂಡಿಸಿದರೆ 53, ಅದಕ್ಕೆ ಸ್ವಾಲ್ಫ್ ಅನ್ನುತ್ತಾರೆ. ಕಡಿಮೆ ಆದಷ್ಟೂ ಒಳ್ಳೆಯದು. ಬೇರೆ ಉದ್ದದ ಕೊಳದವರ ಜೊತೆ ಹೋಲಿಸಲು ಬರುವುದಿಲ್ಲ, ನಮ್ಮ ನಿನ್ನೆಯ ಜೊತೆ ಹೋಲಿಸಬಹುದು.

ಇಷ್ಟೊಂದು ಎಣಿಸಬೇಕಾ ಅಂತ ಬ್ಯಾಚಿನಲ್ಲಿ ಒಬ್ಬರು ಕೇಳಿದರು. ಒಲಿಂಪಿಕ್ಸ್‌ನಲ್ಲೂ ಎಣಿಸಿಕೊಡುತ್ತಾರೆ! 800 ಮತ್ತು 1500 ಮೀಟರ್ ಸ್ಪರ್ಧೆಗಳಲ್ಲಿ ಇನ್ನು ಎಷ್ಟು ಲೆಂಗ್ತ್ ಬಾಕಿ ಅಂತ ತಿರುಗುವ ಗೋಡೆಯ ಹತ್ತಿರ ಸಂಖ್ಯೆ ತೋರಿಸುತ್ತಾರೆ, ಎರಡು ಲೆಂಗ್ತ್ ಮತ್ತು ಐದು ಮೀಟರ್ ಉಳಿದಾಗ ಗಂಟೆಯನ್ನೋ ಸೀಟಿಯನ್ನೋ ಬಾರಿಸಿ ಎಚ್ಚರಿಸುತ್ತಾರೆ. ಹೆಂಗಸರಿಗೆ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಬಂದದ್ದೇ 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. ಅಮೆರಿಕದ ಕೇಟಿ ಲೆಡೆಕಿ ಗೆದ್ದರು. 2018ರಲ್ಲೇ ಅವರು ಆ ದೂರವನ್ನು 15 ನಿಮಿಷ 20.48 ಸೆಕೆಂಡಿನಲ್ಲಿ ಈಜಿದ್ದರು. ಅಷ್ಟು ಹೊತ್ತಿನಲ್ಲಿ ನನ್ನ ಆರನೇ ಕವಡೆ ಇನ್ನೂ ಸರಿದಿರುವುದಿಲ್ಲ. ಆದರೆ ಆ 1500 ಈಗ ನನ್ನ ತಲೆಯಲ್ಲೂ ಕೂತಿದೆ.

ನೋಟ್‌ಬುಕ್ಕಿನ ಹಳೆಯ ಪುಟಗಳನ್ನೆಲ್ಲ ಕೂತು ತಿದ್ದಿದೆ. 1000 ಇದ್ದಲ್ಲಿ 914. ಬೇಜಾರು ಹೋಯಿತು, ಯಾಕೆಂದರೆ ಆಮೇಲಿನ ಪುಟಗಳಲ್ಲಿ ನಿಜವಾದ 1005 ಇದೆ, ಮೊನ್ನೆ ಒಂದು ದಿನ 1280 ಕೂಡ. ಯುಗಾದಿಯೊಳಗೆ 1500 ಮಾಡಬೇಕು. ಲೆಕ್ಕ ಹಾಕಿದೆ, 66 ಲೆಂಗ್ತ್ ಆದರೆ 1508 ಮೀಟರ್ ದಾಟುತ್ತದೆ. ಅಜ್ಜಿಯ ಚೀಲ ಸುರಿದು ನೋಡಿದರೆ ಇರುವುದು ಹದಿನಾರೇ ಕವಡೆ, 64ಕ್ಕೆ ಮುಗಿಯುತ್ತದೆ. ಹದಿನಾರೂ ಬಲಕ್ಕೆ ಸರಿದ ಮೇಲೆ ಇನ್ನೊಂದು ಸಲ ತೆಂಗಿನ ಮರ ನೋಡಿಕೊಂಡು ಹೋಗಿ ವಾಪಸ್ ಬರಬೇಕು.