ಗ್ರಾಫ್ ಥಿಯರಿಯಿಂದ ಏನ್ ಉಪಯೋಗ್ರಿ ಸರ್?

ಈ ಪ್ರಶ್ನೆ ವರ್ಷಕ್ಕೆ ಹತ್ತು ಸಲವಾದರೂ ನನ್ನ ಕಿವಿಗೆ ಬೀಳುತ್ತದೆ. ಬಿಎಸ್ಸಿ ಹುಡುಗರು ಕೇಳುತ್ತಾರೆ, ಮದುವೆ ಊಟದಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ. ಒಮ್ಮೆ ಬ್ಯಾಂಕಿನಲ್ಲಿ ನನ್ನ ಸಾಲದ ಅರ್ಜಿ ತಿರುವಿ ಹಾಕುತ್ತಿದ್ದವರೂ ಕೇಳಿಬಿಟ್ಟರು. ಆದರೆ ಎಲ್ಲರಿಗಿಂತ ಚೆನ್ನಾಗಿ ಕೇಳಿದವರು ನಮ್ಮ ಕಾಕಾ. ಕಲಬುರಗಿಯ ನೆಹರೂ ಗಂಜಿನಲ್ಲಿ ಅವರದು ಅಡತಿ ಅಂಗಡಿ. ತೊಗರಿ ಸೀಸನ್ ಮುಗಿದು ಕೈ ಸ್ವಲ್ಪ ಖಾಲಿಯಿದ್ದ ಒಂದು ಮಧ್ಯಾಹ್ನ ಚಹಾ ಹೇಳಿ ಕೂಡಿಸಿಕೊಂಡು ಶುರುಮಾಡಿದರು.

"ಗ್ರಾಫ್ ಅಂದ್ರ ತೊಗರಿ ರೇಟ್ ಏರೂದು ಇಳಿಯೂದು ಟೀವ್ಯಾಗ ಗೆರಿ ಹಾಕಿ ತೋರಸ್ತಾರಲ್ಲ, ಅದೇ ಹೌದಿಲ್ಲೋ?"

"ಅದಲ್ರಿ ಕಾಕಾ. ಚುಕ್ಕಿ ಇರ್ತಾವ, ಚುಕ್ಕಿ ಚುಕ್ಕಿ ನಡುವ ಗೆರಿ ಇರ್ತಾವ. ಅಷ್ಟೇ."

"ಅಷ್ಟಕ್ಕ ಐದು ವರ್ಷ ಪಿಎಚ್‌ಡಿ ಮಾಡ್ದಿ?"

ಚಹಾ ಬರುವವರೆಗೆ ನಾನು ಸುಮ್ಮನಿದ್ದೆ. ಆಮೇಲೆ ಒಂದು ತೂಕದ ಚೀಟಿಯನ್ನು ಮಗುಚಿ ಅದರ ಹಿಂಬದಿಯಲ್ಲಿ ನಮ್ಮ ಕಡೆಯ ರೈಲು ಹಾದಿ ಬರೆದೆ. ಕಲಬುರಗಿ ಒಂದು ಚುಕ್ಕಿ. ಶಹಾಬಾದ್ ದಾಟಿದರೆ ವಾಡಿ, ಇನ್ನೊಂದು ಚುಕ್ಕಿ. ವಾಡಿಯಿಂದ ಒಂದು ಗೆರೆ ಯಾದಗಿರಿಗೆ, ಇನ್ನೊಂದು ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರ ಹಾದು ವಿಕಾರಾಬಾದಿಗೆ. ವಿಕಾರಾಬಾದಿನಿಂದ ಜಹೀರಾಬಾದ್ ಮೇಲೆ ಬೀದರಿಗೆ. ಹಿಂದೆ ಕಲಬುರಗಿಯಿಂದ ಬೀದರಿಗೆ ರೈಲಿನಲ್ಲಿ ಹೋಗುವ ಹುಚ್ಚು ಹಿಡಿದವನಿಗೆ ಇದೇ ದಾರಿ, ತೆಲಂಗಾಣ ಸುತ್ತಿ ಬರಬೇಕು. 2017ರ ಅಕ್ಟೋಬರ್ 29ರಂದು ಹುಮನಾಬಾದ್ ಮೇಲಿನ ಹೊಸ ಮಾರ್ಗ ಉದ್ಘಾಟನೆಯಾಯಿತು. ಚೀಟಿಯ ಮೇಲೆ ನಾನು ಮಾಡಿದ್ದು ಒಂದೇ ಗೆರೆ ಎಳೆಯುವ ಕೆಲಸ. ಎಳೆದ ಕೂಡಲೇ ಉದ್ದಕ್ಕೆ ಬಿದ್ದಿದ್ದ ಹಗ್ಗ ಕುಣಿಕೆಯಾಯಿತು.

"ಈಗ ವಾಡಿ ಸ್ಟೇಷನ್ ಬಂದ್ ಆತು ಅನ್ಕೋರಿ," ಅಂದೆ. ಈ ಚೀಟಿಯ ಮಟ್ಟಿಗೆ ಮೊದಲಾದರೆ ಕಲಬುರಗಿ ಒಂಟಿಯಾಗಿಬಿಡುತ್ತಿತ್ತು. ಈಗ ಬೀದರ ಕಡೆಯಿಂದ ವಿಕಾರಾಬಾದ್ ಮುಟ್ಟಬಹುದು. ತೆಗೆದುಹಾಕಿದರೆ ಜಾಲವೇ ತುಂಡಾಗುವಂಥ ಚುಕ್ಕಿಗೆ ನಾವು ಕಟ್ ವರ್ಟೆಕ್ಸ್ ಅನ್ನುತ್ತೇವೆ. ಯಾದಗಿರಿಯ ಪಾಲಿಗೆ ವಾಡಿ ಈ ಚಿತ್ರದಲ್ಲಿ ಇನ್ನೂ ಆ ಪಟ್ಟ ಬಿಟ್ಟುಕೊಟ್ಟಿಲ್ಲ. ಕರೆಂಟಿನ ಗ್ರಿಡ್‌ನಲ್ಲಿ, ಇಂಟರ್‌ನೆಟ್ ಕೇಬಲ್‌ಗಳಲ್ಲಿ ಇಂಥ ಚುಕ್ಕಿ ಎಲ್ಲಿದೆ ಎಂದು ಹುಡುಕುವುದೇ ಒಂದು ದೊಡ್ಡ ಕೆಲಸ.

ಕಾಕಾ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. "ನಿನ್ನ ಚಿತ್ರದಾಗ ಬೀದರ ಬಾಜೂಕೇ ಅದ. ಆದ್ರ ನನಗ ಬೇಕಾದಾಗ ಗಾಡಿ ಅದ ಏನು?"

ಇಷ್ಟು ವರ್ಷ ಸೆಮಿನಾರುಗಳಲ್ಲಿ ಕೂತು ಬಂದವನು ನಾನು. ಇಷ್ಟು ನೇರವಾದ ಟೀಕೆ ಕೇಳಿದ್ದು ಕಡಿಮೆ. ಚುಕ್ಕಿ, ಗೆರೆ ಎಂದು ಬರೆಯುವಾಗ ನಾನು ಸಮಯ ಬಿಟ್ಟೆ, ಟಿಕೆಟ್ ದರ ಬಿಟ್ಟೆ, ದಿನಕ್ಕೆ ಎಷ್ಟು ಗಾಡಿ ಎಂಬುದನ್ನು ಬಿಟ್ಟೆ. ಬಿಟ್ಟದ್ದಕ್ಕೇ ಕಟ್ ವರ್ಟೆಕ್ಸ್ ಕಣ್ಣಿಗೆ ಬಿತ್ತು. ಬಿಟ್ಟದ್ದಕ್ಕೇ ಕಾಕಾನಿಗೆ ಅದು ಕೆಲಸಕ್ಕೆ ಬಾರದ್ದಾಯಿತು. ನನ್ನನ್ನು ಕೇಳಿದರೆ ಈ ಶಾಸ್ತ್ರದ ಉಪಯೋಗ, ನಿರುಪಯೋಗ ಎರಡೂ ಇರುವುದು ಇಲ್ಲೇ: ಯಾವುದನ್ನು ಚುಕ್ಕಿ ಮಾಡಿದೆ, ಯಾವುದನ್ನು ಗೆರೆ ಮಾಡಿದೆ, ಉಳಿದದ್ದರಲ್ಲಿ ಏನನ್ನು ಎಸೆದೆ ಎಂಬುದರಲ್ಲಿ.

ಇದನ್ನು ಮೊದಲು ಮಾಡಿದವನು ಆಯ್ಲರ್ ಎಂಬ ಗಣಿತಜ್ಞ. ಕೋನಿಗ್ಸ್‌ಬರ್ಗ್ ಊರಿನಲ್ಲಿ (ಈಗ ರಷ್ಯಾದ ಕಲಿನಿನ್‌ಗ್ರಾಡ್) ಪ್ರೆಗೆಲ್ ನದಿಗೆ ಏಳು ಸೇತುವೆ. ಒಂದೊಂದನ್ನೂ ಒಂದೇ ಸಲ ದಾಟಿ ಊರು ಸುತ್ತಲು ಬರುತ್ತದೆಯೇ? 1736ರಲ್ಲಿ ಡಾನ್ಸಿಗ್‌ನ ಮೇಯರನಿಗೆ ಆಯ್ಲರ್ ಬರೆದ ಪತ್ರದ ಧಾಟಿ ನೋಡಿದರೆ ನಗು ಬರುತ್ತದೆ. ಇದಕ್ಕೂ ಗಣಿತಕ್ಕೂ ಅಂಥ ಸಂಬಂಧವಿಲ್ಲ, ಗಣಿತದವನಿಂದಲೇ ಉತ್ತರ ಯಾಕೆ ಬಯಸುತ್ತೀರೋ ಎಂಬರ್ಥದ ಮಾತು. ನಮ್ಮ ಕಾಕಾನ ಪ್ರಶ್ನೆ ಆಯ್ಲರ್‌ಗೇ ಬಂದಿತ್ತು ಅನ್ನಿ. ಆದರೂ ಕೂತು ಬಿಡಿಸಿದ. ಮನೆ, ಬೀದಿ, ಸೇತುವೆಯ ಉದ್ದ, ಎಲ್ಲವನ್ನೂ ಎಸೆದ. ನಾಲ್ಕು ನೆಲ, ಏಳು ದಾಟು, ಇಷ್ಟೇ ಉಳಿಯಿತು. ನಡುವೆ ಹಾದುಹೋಗುವ ನೆಲಕ್ಕೆ ಒಂದು ಸೇತುವೆಯಲ್ಲಿ ಬಂದರೆ ಇನ್ನೊಂದರಲ್ಲಿ ಹೊರಡಬೇಕು, ಅಂದರೆ ಅಲ್ಲಿನ ಸೇತುವೆಗಳು ಜೋಡಿ ಜೋಡಿಯಾಗಿರಬೇಕು. ಹೊರಟ ಜಾಗ, ಮುಟ್ಟಿದ ಜಾಗ, ಈ ಎರಡಕ್ಕೆ ಮಾತ್ರ ರಿಯಾಯಿತಿ. ಅಲ್ಲಿ ನಡುಗಡ್ಡೆಗೆ ಐದು ಸೇತುವೆ, ಉಳಿದ ಮೂರು ನೆಲಕ್ಕೆ ಮೂರು ಮೂರು. ನಾಲ್ಕೂ ಬೆಸ. ಬರುವುದಿಲ್ಲ, ಮುಗಿಯಿತು.

(ನಡುವೆ ಒಂದು ಮಾತು. ಚೀಟಿಯ ಗೆರೆಯಲ್ಲಿ ಹಾದುಹೋದ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಒಂಬತ್ತನೇ ಶತಮಾನದಲ್ಲೇ, ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ರೀತಿಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರ ಕೊಟ್ಟಿದ್ದಾನೆ. ಹತ್ತು ಚುಕ್ಕಿಗಳ ನಡುವೆ ಹೆಚ್ಚೆಂದರೆ 45 ಗೆರೆ ಎಂದು ನಾನು ಬೋರ್ಡಿನ ಮೇಲೆ ಬರೆಯುವುದು ಆ ಲೆಕ್ಕದಿಂದಲೇ. ಸೇಡಂ ಕಡೆಯ ಹುಡುಗರಿಗೆ ಇದನ್ನು ಹೇಳದೆ ನಾನು ಆ ಪಾಠ ಮುಂದುವರಿಸುವುದಿಲ್ಲ.)

"ಸೇತುವಿ ದಾಟೂದರಿಂದ ನನಗೇನು?" ಇದು ಕಾಕಾನ ಮುಂದಿನ ಬಾಣ.

ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಅದೂ ನಮ್ಮ ಊರಿಗೆ ತಾಗಿದ್ದು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ದಾಖಲಾದದ್ದು ಕಲಬುರಗಿಯಲ್ಲಿ. ಆ ದಿನಗಳು ಇಲ್ಲಿ ಯಾರಿಗೂ ಮರೆತಿಲ್ಲ. ಆ ವೈರಸ್ಸಿನ ವಂಶವಾಹಿ ಸುಮಾರು 30 ಸಾವಿರ ಅಕ್ಷರಗಳ ಒಂದು ಸಾಲು. ಮೊದಲು ಓದಿದ ಪ್ರತಿಯಲ್ಲಿ 29,903. ಯಂತ್ರ ಅದನ್ನು ಉದ್ದಕ್ಕೆ ಓದಲಿಲ್ಲ, ಚೂರು ಚೂರಾಗಿ ಓದಿತು. ಹರಿದ ಪತ್ರದ ಚೂರುಗಳು ಲಕ್ಷಗಟ್ಟಲೆ ಕೈಗೆ ಬಂದಂತೆ. ಜೋಡಿಸುವುದು ಹೇಗೆ?

ನಮ್ಮ ಊರಿನ ಹೆಸರನ್ನೇ ಹರಿಯೋಣ. ಕಲಬುರಗಿ ಎಂಬುದನ್ನು ಮೂರು ಮೂರು ಅಕ್ಷರ ಓದಿದರೆ ಸಿಗುವುದು ಕಲಬು, ಲಬುರ, ಬುರಗಿ. ಚೂರುಗಳನ್ನು ಕಲಸಿ ನಿಮ್ಮ ಕೈಗೆ ಕೊಟ್ಟಿದ್ದೇನೆ. ಮೊದಲು ಯಾರಿಗಾದರೂ ಹೊಳೆಯುವುದು ಇದು: ಒಂದೊಂದು ಚೂರೂ ಒಂದು ಚುಕ್ಕಿ, ಒಂದರ ಬಾಲ ಇನ್ನೊಂದರ ತಲೆಗೆ ಹೊಂದಿದರೆ ನಡುವೆ ಗೆರೆ, ಎಲ್ಲ ಚುಕ್ಕಿಯನ್ನೂ ಒಂದೊಂದು ಸಲ ಮುಟ್ಟುವ ದಾರಿ ಹುಡುಕು. ಮೂರು ಚೂರಿಗೆ ಸರಿ. ಲಕ್ಷ ಚೂರಿಗೆ ಇದು ಹ್ಯಾಮಿಲ್ಟನ್ ಹಾದಿಯ ಸಮಸ್ಯೆ. ಎಲ್ಲ ಗ್ರಾಫಿಗೂ ಬೇಗ ಉತ್ತರ ಕೊಡುವ ವಿಧಾನ ಇವತ್ತಿಗೂ ಯಾರ ಹತ್ತಿರವೂ ಇಲ್ಲ.

ಈಗ ತಿರುಗಿಸಿ ಬರೆಯಿರಿ. ಎರಡಕ್ಷರದ ತುಂಡು ಚುಕ್ಕಿಯಾಗಲಿ: ಕಲ, ಲಬು, ಬುರ, ರಗಿ. ಮೂರಕ್ಷರದ ಚೂರು ಗೆರೆಯಾಗಲಿ: ಕಲಬು ಎಂಬುದು ಕಲ ಚುಕ್ಕಿಯಿಂದ ಲಬು ಚುಕ್ಕಿಗೆ, ಲಬುರ ಎಂಬುದು ಲಬುವಿನಿಂದ ಬುರಕ್ಕೆ, ಬುರಗಿ ಎಂಬುದು ಬುರದಿಂದ ರಗಿಗೆ. ಈಗ ಕೇಳುತ್ತಿರುವುದು ಎಲ್ಲ ಗೆರೆಗಳನ್ನೂ ಒಂದೊಂದು ಸಲ ದಾಟುವ ದಾರಿ. ಗುರುತು ಸಿಕ್ಕಿತಲ್ಲ? ಅದೇ ಸೇತುವೆ ದಾಟುವ ಲೆಕ್ಕ, ಅದು ಕಂಪ್ಯೂಟರಿಗೆ ಎಡಗೈ ಕೆಲಸ. ಚೂರು ಅವೇ, ಅಕ್ಷರ ಅವೇ. ಚುಕ್ಕಿ ಯಾವುದು, ಗೆರೆ ಯಾವುದು ಎಂಬುದನ್ನು ಅದಲು ಬದಲು ಮಾಡಿದ್ದು ಬಿಟ್ಟರೆ ಏನೂ ಮಾಡಿಲ್ಲ. ಪೆವ್ಜ್‌ನರ್, ಟಾಂಗ್, ವಾಟರ್‌ಮನ್ ಮೂವರು 2001ರಲ್ಲಿ ಈ ಆಯ್ಲರ್ ದಾರಿಯನ್ನು ವಂಶವಾಹಿ ಜೋಡಣೆಗೆ ಗಟ್ಟಿಯಾಗಿ ತಂದರು. ನಿಜವಾದ ದತ್ತಾಂಶ ಇಷ್ಟು ಸಾಧುವಾಗಿರುವುದಿಲ್ಲ. ಓದಿನಲ್ಲಿ ತಪ್ಪಿರುತ್ತದೆ, ಒಂದೇ ತುಣುಕು ಹತ್ತು ಕಡೆ ಬಂದು ಚೌರಸ್ತೆಯಾಗುತ್ತದೆ, ಅದನ್ನೆಲ್ಲ ಸವರಬೇಕು. ಆದರೂ ಕೊರೊನಾದ ಆ ಮೊದಲ ಪ್ರತಿಯನ್ನು ಜೋಡಿಸಿದ ಮೆಗಾಹಿಟ್ ಎಂಬ ತಂತ್ರಾಂಶ ಕಟ್ಟುವುದು ಇಂಥದೇ ಗ್ರಾಫನ್ನು.

ಅದೇ ತಿಂಗಳುಗಳಲ್ಲಿ ಆರೋಗ್ಯ ಇಲಾಖೆಯ ದಿನದ ಬುಲೆಟಿನ್ ನೆನಪಿದೆಯೇ? ಇಂಥ ಪಿ-ನಂಬರಿನವರ ಸಂಪರ್ಕ ಎಂದು ಒಂದೊಂದು ಸಾಲು ಇರುತ್ತಿತ್ತು. ಪ್ರಾಥಮಿಕ ಸಂಪರ್ಕ ಎಂದರೆ ಗ್ರಾಫಿನಲ್ಲಿ ಒಂದು ಗೆರೆ ದೂರ, ದ್ವಿತೀಯ ಸಂಪರ್ಕ ಎಂದರೆ ಎರಡು ಗೆರೆ. ನಮ್ಮ ಓಣಿಗೆ ರಿಜಿಸ್ಟರ್ ಹಿಡಿದು ಬಂದ ಆಶಾ ಅಕ್ಕ ಮಾಡುತ್ತಿದ್ದುದು ಗ್ರಾಫ್ ಬರೆಯುವ ಕೆಲಸ. ನಾನು ಮನೆಯೊಳಗೆ ಕೂತು ಪೇಪರ್ ತಿದ್ದುತ್ತಿದ್ದೆ, ಆಕೆ ಬಿಸಿಲಲ್ಲಿ ನಿಂತು ಗೆರೆ ಎಳೆಯುತ್ತಿದ್ದಳು.

ಅಡುಗೆಮನೆಯದೂ ಒಂದಿದೆ, ಇದು ನನ್ನ ಸ್ವಂತ ಕ್ಷೇತ್ರಕ್ಕೆ ಹತ್ತಿರದ್ದು. ಗ್ಯಾಸ್ ಸಿಲಿಂಡರಿನಲ್ಲಿ ಪ್ರೋಪೇನ್, ಬ್ಯೂಟೇನ್ ಇರುತ್ತವೆ. ಬ್ಯೂಟೇನಿನ ನಾಲ್ಕು ಕಾರ್ಬನ್‌ಗಳು ಸಾಲಾಗಿ ನಿಲ್ಲಬಹುದು, ಇಲ್ಲವೇ ಒಂದು ನಡುವೆ ನಿಂತು ಮೂರು ಸುತ್ತ ನಿಲ್ಲಬಹುದು. ಹೈಡ್ರೋಜನ್ ಎಸೆಯಿರಿ, ನಾಲ್ಕು ಚುಕ್ಕಿ ಉಳಿಸಿ. ಪ್ರತಿ ಜೋಡಿ ಚುಕ್ಕಿಯ ನಡುವೆ ಎಷ್ಟು ಗೆರೆ ದೂರ ಎಂದು ಎಣಿಸಿ ಕೂಡಿಸಿ. ಸಾಲಿನಲ್ಲಿ ನಿಂತದ್ದಕ್ಕೆ 10 ಬರುತ್ತದೆ, ಸುತ್ತ ನಿಂತದ್ದಕ್ಕೆ 9. ಮೊದಲನೆಯದು ಕುದಿಯುವುದು ಮೈನಸ್ 0.5 ಡಿಗ್ರಿಯಲ್ಲಿ, ಎರಡನೆಯದು ಮೈನಸ್ 11.7ರಲ್ಲಿ. ಮೈ ಚೆಲ್ಲಿಕೊಂಡ ಅಣುವಿಗೆ ಪಕ್ಕದ್ದರ ಹಿಡಿತ ಹೆಚ್ಚು, ಮುದುಡಿದ್ದಕ್ಕೆ ಕಡಿಮೆ. 1947ರಲ್ಲಿ ಹ್ಯಾರಿ ವೀನರ್ ಈ ಎಣಿಕೆಗೂ ಕುದಿಬಿಂದುವಿಗೂ ನಂಟು ತೋರಿಸಿದ. ಈಗ ಅದಕ್ಕೆ ವೀನರ್ ಇಂಡೆಕ್ಸ್ ಎಂದೇ ಹೆಸರು.

ಆಮೇಲೆ ಏನಾಯಿತೆಂದರೆ ಇಂಡೆಕ್ಸುಗಳ ಸುಗ್ಗಿ. ವರ್ಷವರ್ಷವೂ ಹೊಸ ಇಂಡೆಕ್ಸು, ಅದಕ್ಕೊಂದು ಹೆಸರು, ಒಂದು ಸೂತ್ರ, ಹತ್ತು ಗ್ರಾಫಿನ ಮೇಲೆ ಲೆಕ್ಕ, ಪೇಪರ್ ತಯಾರು. ಬೇರೆಯವರನ್ನು ದೂರುವ ಹಕ್ಕು ನನಗಿಲ್ಲ, ನಾನೇ ಅಂಥ ಎರಡು ಪೇಪರ್ ಬರೆದವನು. ಒಂದನ್ನು ಸಮ್ಮೇಳನದಲ್ಲಿ ಓದಿದಾಗ ಹಿಂದಿನ ಬೆಂಚಿನ ಎಂಎಸ್ಸಿ ಹುಡುಗಿ ಎದ್ದು ಕೇಳಿದಳು: "ಸರ್, ಇಂಡೆಕ್ಸ್ ಬದಲು ಸುಮ್ಮ ಕಾರ್ಬನ್ ಎಣಿಸಿದ್ರ ಕುದಿಬಿಂದು ಇಷ್ಟೇ ಚೊಲೊ ಸಿಗಲ್ಲೇನ್ರಿ?" ರಾತ್ರಿ ರೂಮಿನಲ್ಲಿ ಕೂತು ಹಾಕಿ ನೋಡಿದೆ. ಸಿಗುತ್ತಿತ್ತು. ನನ್ನ ಸೂತ್ರಕ್ಕಿಂತ ಕೂದಲೆಳೆ ಮೇಲೇ. ಆ ಪೇಪರಿನ ಉಪಯೋಗ ಏನು ಎಂದು ಯಾರಾದರೂ ಕೇಳಿದರೆ ಉತ್ತರ ನೇರ: ನನಗೆ ಪ್ರಮೋಷನ್ನಿಗೆ ಆಯಿತು.

ಹಾಗೆಂದು ಇವತ್ತು ಕಾಣದ್ದು ಎಂದೂ ಕಾಣದು ಎನ್ನುವಂತಿಲ್ಲ. ಚದುರಂಗದ ಹಲಗೆಯ ಎಲ್ಲ ಮನೆಗಳ ಮೇಲೂ ಕಣ್ಣಿಡಲು ಎಷ್ಟು ರಾಣಿ ಬೇಕು ಎಂಬುದು ಹತ್ತೊಂಬತ್ತನೇ ಶತಮಾನದ ಆಟದ ಪ್ರಶ್ನೆ, ಐದು ಸಾಕು. ಅಲ್ಲಿಂದ, ಕೆಲವೇ ಚುಕ್ಕಿಗಳನ್ನು ಕಾವಲಿಗಿಟ್ಟು ಉಳಿದೆಲ್ಲ ಚುಕ್ಕಿಗಳ ಮೇಲೆ ಕಣ್ಣಿಡುವ ಡಾಮಿನೇಶನ್ ಎಂಬ ಶಾಖೆ ಬೆಳೆಯಿತು. ನಮ್ಮ ಗುಲಬರ್ಗಾ ವಿಶ್ವವಿದ್ಯಾಲಯದ ವಿ. ಆರ್. ಕುಲ್ಲಿಯವರು ಅದರಲ್ಲಿ ಬಹಳ ದುಡಿದವರು, ಜಾನಕಿರಾಮ್ ಜೊತೆ 1997ರಲ್ಲಿ ಸ್ಪ್ಲಿಟ್ ಡಾಮಿನೇಶನ್ (ಕಾವಲಿನ ಚುಕ್ಕಿಗಳನ್ನು ತೆಗೆದರೆ ಉಳಿದ ಜಾಲ ತುಂಡಾಗುವ ಬಗೆ) ತಂದರು. ಅದಕ್ಕೂ ಮೊದಲು, 1979ರಲ್ಲಿ, ಕರ್ನಾಟಕದವರೇ ಆದ ಇ. ಸಂಪತ್‌ಕುಮಾರ್ ಮತ್ತು ಎಚ್. ಬಿ. ವಾಲೀಕಾರ ಒಂದು ಷರತ್ತು ಸೇರಿಸಿದ್ದರು: ಕಾವಲು ಕಾಯುವ ಚುಕ್ಕಿಗಳು ತಮ್ಮತಮ್ಮಲ್ಲೂ ಸಂಪರ್ಕದಲ್ಲಿರಬೇಕು. ಆಗ ಇಲ್ಲಿ ಮೊಬೈಲ್ ಎಂಬ ಮಾತೇ ಇರಲಿಲ್ಲ. ಮುಂದೆ ಟವರಿಲ್ಲದೆ ಒಂದರಿಂದ ಒಂದಕ್ಕೆ ಸುದ್ದಿ ದಾಟಿಸುವ ವೈರ್‌ಲೆಸ್ ಜಾಲಗಳು ಬಂದಾಗ, ಯಾವ ಸಾಧನಗಳು ಬೆನ್ನೆಲುಬಾಗಬೇಕು ಎಂದು ಆರಿಸಲು ಎಂಜಿನಿಯರುಗಳು ಹುಡುಕಿಕೊಂಡು ಹೋದದ್ದು ಈ ಕನೆಕ್ಟೆಡ್ ಡಾಮಿನೇಶನ್ನನ್ನೇ.

ಇಷ್ಟೆಲ್ಲ ಹೇಳುವಷ್ಟರಲ್ಲಿ ಕಾಕಾ ಚೀಟಿಯ ಗೆರೆಗಳ ಮೇಲೆ ಗಂಟೆ ಬರೆದಿದ್ದರು. ಬೀದರ ಗೆರೆಗೆ ಒಂದು ಅಂಕಿ, ವಾಡಿ ಗೆರೆಗೆ ಒಂದು, ಕೆಳಗೆ ಬಸ್ಸಿನದೂ ಒಂದು ಗೆರೆ. ಇದನ್ನೇ ನಾವು ವೇಯ್ಟೆಡ್ ಗ್ರಾಫ್ ಎನ್ನುವುದು, ಫೋನಿನ ಮ್ಯಾಪು ದಾರಿ ಹುಡುಕುವುದು ಇಂಥದರ ಮೇಲೆಯೇ, ಆ ಹುಡುಕುವ ಉಪಾಯದ ಮೂಲ ಡೈಕ್‌ಸ್ಟ್ರ ಎಂಬ ಕಂಪ್ಯೂಟರ್ ವಿಜ್ಞಾನಿಗೆ 1956ರಲ್ಲಿ ಆಮ್‌ಸ್ಟರ್‌ಡಾಂನ ಕೆಫೆಯೊಂದರಲ್ಲಿ ಕಾಫಿ ಕುಡಿಯುತ್ತ ಇಪ್ಪತ್ತು ನಿಮಿಷದಲ್ಲಿ ಹೊಳೆಯಿತು ಎಂದೆ.

"ಪೆನ್ನು ಹಾಳಿ ಇಲ್ಲದ?"

"ಇಲ್ಲದೇನೇ."

"ಹಂಗಾರ ನಮ್ಮ ಟೆಂಪೊದ್ದು ಹೇಳು. ಏಳು ಅಂಗಡಿಗೆ ಬ್ಯಾಳಿ ಮೂಟೆ ಇಳಿಸಿ ಗಂಜಿಗೆ ಬರಬೇಕು. ಯಾವುದು ಮೊದಲು, ಯಾವುದು ಆಮ್ಯಾಲ?"

ಹಿಂದುಮುಂದು ಒಂದೇ ಎಂದುಕೊಂಡರೂ 2520 ಕ್ರಮ ಆಗುತ್ತವೆ, ಕಂಪ್ಯೂಟರಿಗೆ ಅದು ಕ್ಷಣದ ಕೆಲಸ. ಅಂಗಡಿ ಎಪ್ಪತ್ತಾದರೆ ಮಾತ್ರ ಒಂದೊಂದಾಗಿ ನೋಡುವ ದಾರಿ ಬಿದ್ದುಹೋಗುತ್ತದೆ. ಅಂತರಗಳನ್ನೆಲ್ಲ ಮ್ಯಾಪಿನಿಂದ ತೆಗೆದು, ಲೆಕ್ಕ ಹಾಕಿಸಿ, ಎರಡು ದಿನ ಬಿಟ್ಟು ಒಂದು ಕ್ರಮ ಒಯ್ದು ಕೊಟ್ಟೆ. ಡ್ರೈವರ್ ತಮ್ಮ ಅದನ್ನು ಮೇಲಿನಿಂದ ಕೆಳಗೆ ಓದಿ ಮರಳಿ ನನ್ನ ಕೈಗಿಟ್ಟ.

"ಸೂಪರ್ ಮಾರ್ಕೆಟ್ ಐದನೇದು ಹಾಕೀರಿ ಸರ್. ಹತ್ತು ಹೊಡೆದ ಮ್ಯಾಲ ಅಲ್ಲಿ ಟೆಂಪೊ ಒಳಗ ಹೋಗಂಗಿಲ್ರಿ, ತಳ್ಳುಗಾಡಿ ನಿಂತಿರ್ತಾವ."

ಚೀಟಿ ವಾಪಸ್ ತೆಗೆದುಕೊಂಡು ಆ ಚುಕ್ಕಿಯ ಪಕ್ಕದಲ್ಲಿ ಬರೆದೆ: ಹತ್ತರ ಒಳಗೆ.