ಹದಿನೇಳನೇ ಕಾರ್ಡು ಕೊನೆಗೂ ಬಸ್ಸು ಹತ್ತಿತು

ಹನ್ನೊಂದು ಸಲ. ಹದಿನೇಳನೇ ಕಾರ್ಡು ಒಂದನೇ ಖಾನೆಗೆ ಹನ್ನೊಂದು ಸಲ ವಾಪಸು ಬಂದಿದೆ. ಲೈಟ್ನರ್ ಪೆಟ್ಟಿಗೆ ಇಟ್ಟುಕೊಂಡವರಿಗೆ ಆ ಅವಮಾನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ: ಇದು ಬಾಯಿಪಾಠದ ಕಾರ್ಡುಗಳನ್ನಿಡುವ ಖಾನೆಗಳ ಪೆಟ್ಟಿಗೆ. ಉತ್ತರ ಸರಿಯಾದರೆ ಕಾರ್ಡು ಮುಂದಿನ ಖಾನೆಗೆ, ತಪ್ಪಾದರೆ ಮತ್ತೆ ಒಂದನೆಯದಕ್ಕೆ; ಒಂದನೇ ಖಾನೆಯದನ್ನು ಪದೇ ಪದೇ ಓದಬೇಕು, ಕೊನೆಯದನ್ನು ಅಪರೂಪಕ್ಕೆ. ಜೊತೆಯ ಕಾರ್ಡುಗಳೆಲ್ಲ ಐದನೇ ಖಾನೆಯಲ್ಲಿ ಹಾಯಾಗಿ ಮಲಗಿವೆ; ಇದೊಂದು ಮಾತ್ರ ಸಾಲಗಾರನಂತೆ ಬೆಳಿಗ್ಗೆ ಬೆಳಿಗ್ಗೆ ಬಾಗಿಲಲ್ಲಿ ನಿಲ್ಲುತ್ತದೆ. ವಾಕ್ಯವಾದರೂ ಎಂಥದ್ದು? ‘ನಾನು ಬಸ್ಸಿನಲ್ಲಿದ್ದೇನೆ, ಆಮೇಲೆ ಫೋನ್ ಮಾಡುತ್ತೇನೆ.’ ಇದನ್ನು ಇಂಗ್ಲಿಷಿಗೆ ತರಬೇಕು. ನಾನು ‘ಇನ್ ದ ಬಸ್’ ಎನ್ನುತ್ತೇನೆ. ಕಾರ್ಡಿನ ಬೆನ್ನು ‘ಆನ್ ದ ಬಸ್’ ಎನ್ನುತ್ತದೆ.

ಇಂಗ್ಲಿಷ್ ಕಲಿಯಲು ನಾನು ಹಾಕಿಕೊಂಡ ‘ಒಂದು ಪದಕ್ಕೆ ನೂರು ವಾಕ್ಯ’ ಯೋಜನೆಯಲ್ಲಿ ಬಸ್ ಮೂರನೆಯ ಪದ. ಸುಲಭವೆಂದೇ ಆರಿಸಿಕೊಂಡದ್ದು. ಸಕಾರಕ್ಕೆ ಒತ್ತು ಕೊಟ್ಟು, ಕೊನೆಗೊಂದು ಉಕಾರ ಅಂಟಿಸಿ ಅದನ್ನು ಮನೆಯ ಮಗುವನ್ನಾಗಿ ಮಾಡಿಕೊಂಡು ಎಷ್ಟೋ ಕಾಲವಾಯಿತು. ತೊಂದರೆ ಇರುವುದೂ ಅಲ್ಲೇ. ಬಸ್ಸು ನಮ್ಮ ಮನೆಗೆ ಬಂತು, ಅದರ ಅಕ್ಕಪಕ್ಕ ಓಡಾಡುವ ಚಿಲ್ಲರೆ ಪದಗಳು ತವರಿನಲ್ಲೇ ಉಳಿದವು.

ಕಾರ್ಡು ಕತ್ತರಿಸಿಕೊಟ್ಟ ಮಹಾನುಭಾವನ ವಿಷಯವನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಕೇಳಿದ್ದು 300 ಜಿಎಸ್ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ, ಹಣ ತೆಗೆದುಕೊಂಡದ್ದೂ ಅದಕ್ಕೇ; ಮನೆಗೆ ತಂದು ಬರೆದರೆ ಶಾಯಿ ಆಚೆ ಬದಿಯಲ್ಲಿ ಇಣುಕುತ್ತಿತ್ತು. ಅಂಚುಗಳೂ ಒಂದೊಂದು ಅಳತೆ. ಹದಿನೇಳನೇ ಕಾರ್ಡಿನ ಬಲ ಮೂಲೆ ಓರೆಯಾಗಿತ್ತು. ಇದರಿಂದಾದ ಅನಾಹುತವೇನೆಂದರೆ, ನಡುವೆ ಒಂದಷ್ಟು ದಿನ ನಾನು ಸರಿಯಾದ ಉತ್ತರ ಕೊಡತೊಡಗಿದೆ, ಕಾರ್ಡು ಮೂರನೇ ಖಾನೆಗೆ ಬಡ್ತಿ ಪಡೆಯಿತು, ನಾನು ಅದನ್ನು ಮನೆಯಲ್ಲೆಲ್ಲ ಹೇಳಿಕೊಂಡೂ ಬಂದೆ. ಶಾಯಿ ಹರಡಿದೆಯೆಂದು ಅದೇ ವಾಕ್ಯವನ್ನು ಹೊಸ ಕಾರ್ಡಿಗೆ ಇಳಿಸಿದ ಮರುದಿನ ಮತ್ತೆ ‘ಇನ್’. ನಾನು ಕಲಿತಿದ್ದದ್ದು ಇಂಗ್ಲಿಷನ್ನಲ್ಲ, ಓರೆ ಮೂಲೆಯನ್ನು.

ಬಾಯಿಪಾಠ ಸಾಕು, ಕಾರಣ ಹುಡುಕೋಣ ಎಂದು ಕುಳಿತೆ. ನಮಗೆ ಕಾರಿನಲ್ಲಿ, ಬಸ್ಸಿನಲ್ಲಿ, ಆಟೋದಲ್ಲಿ, ವಿಮಾನದಲ್ಲಿ ಎಲ್ಲಕ್ಕೂ ಒಂದೇ ‘ಅಲ್ಲಿ’. ‘ಆನ್’ ಎಂದಾಗ ನನ್ನ ಕಣ್ಣಿಗೆ ಬರುವುದು ಹಿಂದಿನ ಏಣಿ ಹತ್ತಿ ಟಾಪಿನ ಮೇಲೆ ಬಾಳೆಗೊನೆ, ಟ್ರಂಕುಗಳ ನಡುವೆ ಕುಳಿತವನು. ಇಂಗ್ಲಿಷಿನವನು ಕಾರಿಗೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’ ಎನ್ನುತ್ತಾನೆ, ಬಸ್ಸಿಗೆ ‘ಗೆಟ್ ಆನ್’, ‘ಗೆಟ್ ಆಫ್’. ನಾವು ಕಾರನ್ನೂ ಹತ್ತುತ್ತೇವೆ, ಕುದುರೆಯನ್ನೂ ಹತ್ತುತ್ತೇವೆ.

ಮೊದಲ ಊಹೆ: ದೊಡ್ಡದಕ್ಕೆ ಆನ್, ಚಿಕ್ಕದಕ್ಕೆ ಇನ್. ಲಾರಿ ಇದನ್ನು ಒಂದೇ ಏಟಿಗೆ ಕೆಡವಿತು. ಅಷ್ಟು ದೊಡ್ಡ ಲಾರಿಯ ಚಾಲಕ ‘ಇನ್’ ಆಗಿಯೇ ಇರುತ್ತಾನೆ. ಎರಡನೆಯದು: ಬಾಡಿಗೆ ಕೊಟ್ಟು ಕೂರುವುದಕ್ಕೆ ಆನ್, ಸ್ವಂತದ್ದಕ್ಕೆ ಇನ್. ಟ್ಯಾಕ್ಸಿ ಬಂದು ಅದನ್ನೂ ಕೆಡಿಸಿತು. ಎರಡು ವಾರ ಪೆಟ್ಟಿಗೆ ಮುಟ್ಟಲಿಲ್ಲ.

ಕಳೆದ ಭಾನುವಾರ ಹಾಸನದಿಂದ ನಿಂತುಕೊಂಡು ಬರುತ್ತಿದ್ದೆ. ಕಂಡಕ್ಟರ್ ಹಿಂದಿನಿಂದ ಬೆನ್ನಿಗೆ ಕೈಯಿಟ್ಟು, ‘ಮುಂದೆ ಹೋಗಿ ಸ್ವಾಮಿ, ಅಷ್ಟು ಜಾಗ ಇದೆಯಲ್ಲ’ ಎಂದರು. ಒಂದು ಹೆಜ್ಜೆ ಮುಂದೆ ಹೋದೆ. ಆ ಹೆಜ್ಜೆಯಲ್ಲೇ ಹೊಳೆಯಿತು: ಕಾರಿನಲ್ಲಿ ಕುಳಿತವನಿಗೆ ‘ಮುಂದೆ ಹೋಗಿ’ ಎಂದು ಯಾರೂ ಹೇಳಲಾರರು. ಎದ್ದು ನಿಂತು ನಾಲ್ಕು ಹೆಜ್ಜೆ ನಡೆಯಲು ನೆಲ ಇದ್ದರೆ ‘ಆನ್’. ಮೈ ಮುದುಡಿಕೊಂಡು ತುರುಕಿಕೊಳ್ಳಬೇಕಾದರೆ ‘ಇನ್’.

ಇದಕ್ಕೆ ಕಂಡಕ್ಟರ್ ಪರೀಕ್ಷೆ ಎಂದು ಹೆಸರಿಟ್ಟಿದ್ದೇನೆ. ರೈಲು, ವಿಮಾನ, ಹಡಗು ಪಾಸು. ಟ್ಯಾಕ್ಸಿ, ಆಟೋ, ಲಾರಿಯ ಕ್ಯಾಬಿನ್ನು ಮತ್ತು ಹುಟ್ಟು ಹಾಕುವ ಪುಟ್ಟ ದೋಣಿ ನಪಾಸು, ಅವಕ್ಕೆ ‘ಇನ್’. ಸೈಕಲ್ಲು, ಕುದುರೆಗಳಲ್ಲಿ ಒಳಗು ಎಂಬುದೇ ಇಲ್ಲ, ನಾವೂ ‘ಮೇಲೆ’ ಎಂದೇ ಹೇಳುತ್ತೇವೆ, ಅಲ್ಲಿ ಜಗಳವಿಲ್ಲ. ಹಾಗೆಂದು ‘ಇನ್ ದ ಬಸ್’ ಎಲ್ಲೆಲ್ಲೂ ತಪ್ಪಲ್ಲ. ‘ಹೊರಗೆ ಮಳೆ, ಬಸ್ಸಿನೊಳಗೇ ಇರು’ ಎನ್ನುವಾಗ ಒಳಗು ಮುಖ್ಯವಾಗುವುದರಿಂದ ಅದು ಸಲ್ಲುತ್ತದೆ. ನನ್ನ ಕಾರ್ಡಿನ ಮಾತು ಪ್ರಯಾಣದ್ದು.

ಈ ಗಲಾಟೆಯ ನಡುವೆ ನಿಘಂಟಿನಲ್ಲಿ ಸಿಕ್ಕ ಇನ್ನೊಂದನ್ನು ಹೇಳದಿದ್ದರೆ ಊಟ ಸೇರುವುದಿಲ್ಲ. 1829ರಲ್ಲಿ ಜಾರ್ಜ್ ಶಿಲಿಬೀರ್ ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಬ್ಯಾಂಕ್‌ವರೆಗೆ ಓಡಿಸಿದ ಕುದುರೆಗಾಡಿಗೆ ‘ಆಮ್ನಿಬಸ್’ ಎಂದು ಹೆಸರು. ಹೆಸರು ಅದಕ್ಕೂ ಮೊದಲೇ ಫ್ರಾನ್ಸಿನಲ್ಲಿ ಓಡಾಡುತ್ತಿತ್ತು. ಮೂಲ ಲ್ಯಾಟಿನ್, ಅರ್ಥ ‘ಎಲ್ಲರಿಗೂ’. ಚತುರ್ಥಿ ವಿಭಕ್ತಿ, ಬಹುವಚನ! ಜನ ತಲೆ ಕತ್ತರಿಸಿ ಬಾಲ ಉಳಿಸಿಕೊಂಡರು. ನಾವು ‘ಎಲ್ಲರಿಗೂ’ ಎಂಬ ಗಾಡಿ ಕಂಡು ‘ಗೂ ಬಂತು, ಗೂ ಬಂತು’ ಎಂದು ಓಡಿದ ಹಾಗೆ. ಮೇಲಾಗಿ ‘ಹತ್ತು ಗಂಟೆಯ ಬಸ್ಸಿಗೆ ಬಂದೆ’ ಎನ್ನುವ ನಾವು ವಿಭಕ್ತಿ ಪ್ರತ್ಯಯಕ್ಕೇ ಮತ್ತೆ ಚತುರ್ಥಿ ಹಚ್ಚುತ್ತಿದ್ದೇವೆ.

ಚತುರ್ಥಿಯ ಕಾಟ ನಲವತ್ತೆರಡನೇ ಕಾರ್ಡಿನಲ್ಲೂ ಇದೆ. ‘ನನಗೆ ಬಸ್ಸು ತಪ್ಪಿತು’ ಎಂದರೆ ತಪ್ಪಿದ್ದು ಬಸ್ಸು, ನಾನು ನಿರಪರಾಧಿ. ‘ಐ ಮಿಸ್ಡ್ ದ ಬಸ್’ ಎಂದ ಕೂಡಲೇ ಹೊಣೆ ನನ್ನ ತಲೆಗೆ. ಈ ಕಾರ್ಡನ್ನು ವ್ಯಾಕರಣಕ್ಕಿಂತ ಸ್ವಾಭಿಮಾನವೇ ತಡೆಯುತ್ತಿದೆ ಎಂದು ಗುಮಾನಿ.

ಮುಂದಿನ ಪದ ಟ್ರೇನ್. ರೈಲು ಎಂದರೆ ಅವರಿಗೆ ಕಂಬಿ. ನಾವು ಕಂಬಿಯ ಹೆಸರನ್ನು ಗಾಡಿಗಿಟ್ಟು, ಕಂಬಿಯನ್ನು ಹಳಿ ಎಂದು ಕರೆದು ಸುಮ್ಮನಾದೆವು. ಟ್ರೇನ್ ಕ್ರಿಯಾಪದವೂ ಹೌದಾದ್ದರಿಂದ ನೂರು ವಾಕ್ಯ ಸಾಲಲಿಕ್ಕಿಲ್ಲ. ಅದಕ್ಕೂ ಮೊದಲು ಪ್ಲೈವುಡ್ಡಿನಲ್ಲಿ ಆರು ಖಾನೆಯ ಹೊಸ ಪೆಟ್ಟಿಗೆ ಮಾಡಬೇಕು, ಕಾರ್ಡುಗಳನ್ನು ನಾನೇ ಕತ್ತರಿಸಬೇಕು.

ಹದಿನೇಳು ಇವತ್ತು ಎರಡನೇ ಖಾನೆಯಲ್ಲಿದೆ, ಈ ಸಲ ನೆಟ್ಟಗಿನ ಮೂಲೆಗಳೊಂದಿಗೆ. ಟೆಂಪೋ ಟ್ರಾವೆಲರ್ ಕಾರ್ಡಿನ ಬೆನ್ನನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಅದರಲ್ಲಿ ನಡೆಯಬಹುದು, ಆದರೆ ತಲೆ ಬಗ್ಗಿಸಿಕೊಂಡು. ಮುಂದಿನ ತಿಂಗಳು ಧರ್ಮಸ್ಥಳಕ್ಕೆ ಅಂಥದ್ದರಲ್ಲೇ ಹೋಗುವುದಿದೆ. ಯಾರಾದರೂ ‘ಮುಂದೆ ಹೋಗಿ’ ಎನ್ನುತ್ತಾರೋ ನೋಡಬೇಕು.